ಹಠ ಇದೆ, ಊರೇ ಇಲ್ಲ

ಅಮೆರಿಕದ ಟಿಎನ್‌ಟಿ ವಾಹಿನಿಯಲ್ಲಿ 2009ರಿಂದ 2011ರವರೆಗೆ ಬರೀ 30 ಕಂತು ಬಂದು ನಿಂತುಹೋದ ಆಸ್ಪತ್ರೆ ಧಾರಾವಾಹಿ 'ಹಾಥಾರ್ನ್'. ಇಂಥ ಕಥೆಗಳಲ್ಲಿ ಡಾಕ್ಟರೇ ದೇವರು, ನರ್ಸು ಟ್ರೇ ಹಿಡಿದು ಪಕ್ಕದಲ್ಲಿ ನಿಲ್ಲುವವಳು. ಇಲ್ಲಿ ಹಾಗಲ್ಲ. ನರ್ಸುಗಳ ಮುಖ್ಯಸ್ಥೆ ಕ್ರಿಸ್ಟಿನಾ ಹಾಥಾರ್ನ್ ಎಂಬ ಕಪ್ಪು ಹೆಂಗಸೇ ನಾಯಕಿ. ರೋಗಿಯ ಪರವಾಗಿ ಡಾಕ್ಟರುಗಳ ಎದುರು ಸೆಟೆದು ನಿಲ್ಲುತ್ತಾಳೆ. ಜೇಡಾ ಪಿಂಕೆಟ್ ಸ್ಮಿತ್ ಅವರ ಅಭಿನಯದಲ್ಲಿ ಆ ಸಿಟ್ಟು ನಿಜವಾದದ್ದು, ಅದನ್ನು ನಾವು ಮೆಚ್ಚುತ್ತೇವೆ.

ಆದರೆ ಹಠ ಯಾರ ಮೇಲೆ? ದರ್ಪದ ಒಬ್ಬಿಬ್ಬರು ಡಾಕ್ಟರು, ಆಡಳಿತ ಮಂಡಳಿಯಲ್ಲಿ ಕೂತ ಬಿಳಿಯ ಅತ್ತೆ, ಸತ್ತ ಗಂಡನ ನೆನಪು. ವ್ಯವಸ್ಥೆಯ ಅನ್ಯಾಯವೆಲ್ಲ ಮನೆಜಗಳಾಗಿ ಕರಗಿಹೋಗುತ್ತದೆ.

ಕಥೆ ನಡೆಯುವ ಊರಾದರೂ ಯಾವುದು? ವರ್ಜೀನಿಯಾದ ರಿಚ್‌ಮಂಡ್. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧಕ್ಕೆ ನಿಂತ ದಕ್ಷಿಣ ರಾಜ್ಯಗಳ ರಾಜಧಾನಿ. ಅಲ್ಲಿಯ ಮೆಡಿಕಲ್ ಕಾಲೇಜು 1920ರಲ್ಲಿ ಕಪ್ಪು ಜನರಿಗೆಂದೇ ಸೇಂಟ್ ಫಿಲಿಪ್ ಅಂತ ಬೇರೆ ಆಸ್ಪತ್ರೆ ತೆರೆಯಿತು. ಕಪ್ಪು ಹುಡುಗಿಯರಿಗೆ ನರ್ಸಿಂಗ್ ಶಾಲೆಯೂ ಬೇರೆ, ಅದು ಮುಚ್ಚಿದ್ದು 1962ರಲ್ಲಿ. ಹೋಟೆಲಿನ ಬೇರೆ ಲೋಟ ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಶಾಲೆಯಲ್ಲಿ ಕಲಿತವರು ಕ್ರಿಸ್ಟಿನಾಳಿಗೆ ದೊಡ್ಡಮ್ಮಂದಿರ ಸಮಾನ.

ಇನ್ನೊಂದು ಕೇಳಿ. 1968ರ ಮೇ ತಿಂಗಳಲ್ಲಿ ಬ್ರೂಸ್ ಟಕರ್ ಎಂಬ ಕಪ್ಪು ಕೂಲಿಗಾರ ಬಿದ್ದು ತಲೆಗೆ ಪೆಟ್ಟಾಗಿ ಅದೇ ಕಾಲೇಜಿನ ಆಸ್ಪತ್ರೆ ಸೇರಿದ. ಮಾರನೇ ದಿನ ಅವನ ಹೃದಯ ತೆಗೆದು ಬಿಳಿಯ ವ್ಯಾಪಾರಿಯೊಬ್ಬನಿಗೆ ಜೋಡಿಸಿದರು. ಮನೆಯವರನ್ನು ಒಂದು ಮಾತು ಕೇಳಲಿಲ್ಲ. ಅಣ್ಣತಮ್ಮಂದಿರಲ್ಲಿ ಒಬ್ಬ, ವಿಲಿಯಂ, ಅದೇ ಊರಿನಲ್ಲಿ ಬೂಟು ರಿಪೇರಿ ಅಂಗಡಿ ಇಟ್ಟುಕೊಂಡಿದ್ದ, ಹುಡುಕಿದ್ದರೆ ಸಿಗದವನೇನಲ್ಲ. ಹೃದಯ ಇಲ್ಲ ಅನ್ನೋದು ಅವನಿಗೆ ಗೊತ್ತಾದದ್ದು ಹೆಣ ಸಿದ್ಧಮಾಡುವವನ ಬಾಯಿಂದ! ಕೋರ್ಟಿಗೆ ಹೋದ. 1972ರಲ್ಲಿ ಜ್ಯೂರಿ ಡಾಕ್ಟರುಗಳ ಪರ ತೀರ್ಪು ಕೊಟ್ಟಿತು.

ಅವತ್ತು ವಾರ್ಡಿನಲ್ಲಿ ನರ್ಸುಗಳೂ ಇದ್ದರಲ್ಲ, ಅವರು ಏನು ಕಂಡರು? ಬಾಯಿ ಬಿಡುವ ಧೈರ್ಯ, ಹಕ್ಕು ಯಾರಿಗಿತ್ತು? ಕ್ರಿಸ್ಟಿನಾಳಂಥ ಹಠದ ಹೆಂಗಸಿಗೆ ಹೊಂದುವ ಕಥೆ ಇದೇ ಆಗಿತ್ತು. ಧಾರಾವಾಹಿ ಮಾಡಿದವರು ಈ ಕಡೆ ತಿರುಗದೆ ಅವಳನ್ನು ಪ್ರೇಮದ ಹಾದಿಗೆ ಹಚ್ಚಿದರು. ಒಂದು ಕಡೆ ಸರ್ಜರಿ ವಿಭಾಗದ ಮುಖ್ಯಸ್ಥ, ಇನ್ನೊಂದು ಕಡೆ ಪೊಲೀಸ್ ಪತ್ತೇದಾರ. ಇಬ್ಬರಲ್ಲಿ ಯಾರು ಅನ್ನೋದರಲ್ಲೇ ಕಂತುಗಳು ಮುಗಿದುಹೋದವು.