ರುಜು ಮತ್ತು ರುಜುವಾತು: ದೈವಪ್ರೇಮದ ಅರಿವಿನಲ್ಲಿ ಕಾವ್ಯ ಮತ್ತು ವಿಜ್ಞಾನ

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಮಹಾಲಕ್ಷ್ಮಿಯ ದರ್ಶನಾರ್ಥವಾಗಿ ಹೋದವರು ಸಮೀಪದ ತೀತಾ ಜಲಾಶಯವನ್ನೂ ಕಂಡು ಬರುವುದುಂಟು. ಗುಡಿಯಲ್ಲಿ ಕೈಮುಗಿದ ವಿದ್ಯಾರ್ಥಿಯೇ ಕಟ್ಟೆಯ ಮೇಲೆ ನಿಂತಾಗ ನೀರಿನ ಒತ್ತಡದ ಸೂತ್ರವನ್ನು ನೆನೆಯುತ್ತಾನೆ. ಆಗ ಅವನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಭಗವಂತನ ಪ್ರೀತಿಯನ್ನು ಈ ಎರಡನೆಯ ನೋಟದಿಂದಲೂ ಕಾಣಬಹುದೆ, ಅಥವಾ ಒಂದನ್ನು ಉಳಿಸಿಕೊಳ್ಳಲು ಮತ್ತೊಂದನ್ನು ಬಿಡಬೇಕೆ? ಹೊಸಗನ್ನಡದಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸಲು ಕುವೆಂಪು ಅವರ ‘ದೇವರು ರುಜು ಮಾಡಿದನು’ ಎಂಬ ಕವಿತೆಗಿಂತ ಅನುಕೂಲವಾದುದು ವಿರಳ.

‘ಪಕ್ಷಿಕಾಶಿ’ (1946) ಸಂಕಲನಕ್ಕೆ ಸೇರಿದ ಈ ಕವಿತೆಯ ಸಂದರ್ಭ ಸರಳವಾದುದು. ತುಂಗಾತೀರದ ಸಿಬ್ಬಲುಗುಡ್ಡೆಯಲ್ಲಿ ಆಕಾಶ, ಬೆಟ್ಟ, ಕಾಡು, ಹೊಳೆ ಎಲ್ಲವೂ ಒಂದು ಚಿತ್ರದಂತೆ ಹರಡಿಕೊಂಡಿವೆ. ಅದರ ಮೇಲೆ ಬೆಳ್ಳಕ್ಕಿಗಳ ಸಾಲೊಂದು ಹಾದುಹೋಗುತ್ತದೆ. ಕವಿಗೆ ಆ ಸಾಲು ಚಿತ್ರಕಾರನು ತನ್ನ ಕೃತಿಗೆ ಹಾಕಿದ ರುಜುವಾಗಿ ತೋರುತ್ತದೆ.

ಇಲ್ಲಿ ಪದದ ಆಯ್ಕೆ ಗಮನಾರ್ಹವಾದುದು. ‘ರುಜು’ ಕಚೇರಿಯ ಮಾತು. ಅದರ ನೆರೆಯ ಪದ ‘ರುಜುವಾತು’. ರುಜುವಾತು ಎಲ್ಲರ ಮುಂದೆಯೂ ಸಮಾನವಾಗಿ ನಿಲ್ಲತಕ್ಕದ್ದು. ರುಜುವಾದರೋ ಆ ಕೈಬರಹದ ಪರಿಚಯವುಳ್ಳವನಿಗೆ ಮಾತ್ರ ಅರ್ಥವಾಗತಕ್ಕದ್ದು. ಮನೆಯಿಂದ ಬಂದ ಪತ್ರದ ಕೊನೆಯಲ್ಲಿ ತಾಯಿಯ ರುಜುವನ್ನು ಕಂಡ ಮಗನು ಅದನ್ನು ಪರೀಕ್ಷಿಸುವುದಿಲ್ಲ, ಗುರುತಿಸುತ್ತಾನೆ. ಕವಿ ಹಕ್ಕಿಸಾಲಿನಿಂದ ದೇವರ ಅಸ್ತಿತ್ವವನ್ನು ಸಾಧಿಸಹೊರಟಿಲ್ಲ. ಈ ಲೋಕವು ತನಗೆ ಬರೆದ ಪತ್ರವೆಂಬ ಆತ್ಮೀಯತೆಯನ್ನು ಅನುಭವಿಸಿದ್ದಾನೆ. ಕವಿತೆಯನ್ನು ಈಶ್ವರಸಾಧಕವಾದ ತರ್ಕವೆಂದು ಬೋಧಿಸುವವರು ಈ ಭೇದವನ್ನು ಮರೆಯುತ್ತಾರೆ.

ಹಾಗಾದರೆ ವಿಜ್ಞಾನದ ವಿವರಣೆಯಿಂದ ರುಜು ಅಳಿಸಿಹೋಗುವುದೆ? ಮುಂದಿನ ಹಕ್ಕಿಯ ರೆಕ್ಕೆಯ ತುದಿಯಿಂದ ಏಳುವ ಮೇಲ್ಮುಖ ಗಾಳಿಯು ಹಿಂದಿನ ಹಕ್ಕಿಗೆ ಆಸರೆಯಾಗುತ್ತದೆ. ಸಾಲಿನಲ್ಲಿ ಹಾರುವ ಐಬಿಸ್ ಹಕ್ಕಿಗಳು ಆ ಗಾಳಿ ದೊರೆಯುವ ಸ್ಥಾನದಲ್ಲಿಯೇ ಇದ್ದು, ರೆಕ್ಕೆಬಡಿತವನ್ನೂ ಅದಕ್ಕೆ ಹೊಂದಿಸಿಕೊಳ್ಳುತ್ತವೆಂಬುದನ್ನು 2014ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿದವು. ಇದನ್ನೇ ದೈವಪ್ರೇಮವೆಂದು ಕರೆಯುವುದು ವಿಜ್ಞಾನಕ್ಕೂ ಭಕ್ತಿಗೂ ಅಪಚಾರ. ಆದರೆ ಅಕ್ಷರಗಳು ಮೂಡುವ ಬಗೆಯನ್ನು ತಿಳಿದ ಮಾತ್ರಕ್ಕೆ ಪತ್ರದ ಅರ್ಥ ಕೆಡುವುದಿಲ್ಲ. ವಿಜ್ಞಾನವು ಅಕ್ಷರವನ್ನು ಬಿಡಿಸಿ ತೋರಿಸುತ್ತದೆ. ಕಾವ್ಯವು ಅದನ್ನು ತನಗೆಂದು ಓದುತ್ತದೆ.

ಕವಿತೆಯ ಮೇಲೆ ಒಂದು ಆಕ್ಷೇಪಕ್ಕೆ ಅವಕಾಶವುಂಟು. ತುಂಗೆಯ ದಡದಲ್ಲಿ ರುಜುವನ್ನು ಕಾಣುವುದು ಸುಲಭ. ಮಳೆ ಕಡಿಮೆಯಾದ ಪಾವಗಡದ ಬಯಲಿನಲ್ಲಿ ಅದು ಎಲ್ಲಿದೆ? ಅಲ್ಲಿ ಕೊಳವೆಬಾವಿಯ ನೀರಿನಲ್ಲಿಯೂ ಫ್ಲೋರೈಡಿನ ಅಂಶ ಹೆಚ್ಚು. ಸೌಂದರ್ಯವನ್ನೇ ಪ್ರೀತಿಯ ಏಕೈಕ ಗುರುತೆಂದು ಹಿಡಿದರೆ ದೇವರು ಮಲೆನಾಡಿಗೆ ಮಾತ್ರ ಪತ್ರ ಬರೆದನೆಂದಾದೀತು. ಈ ಪ್ರಶ್ನೆಗೆ ಕವಿತೆಯೊಳಗೆ ಉತ್ತರವಿಲ್ಲ; ಅದು ಇದರ ಮಿತಿಯೆಂದೇ ಹೇಳಬೇಕು.

ಉತ್ತರದ ಸೂಚನೆ ಬಯಲಿನಲ್ಲಿಯೇ ದೊರೆಯುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಣ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಗ್ರಾಮಸ್ಥರು ಅವುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಇಲ್ಲಿ ಹಕ್ಕಿ ನೋಡಿ ಮೆಚ್ಚುವ ರುಜು ಮಾತ್ರವಲ್ಲ, ಉತ್ತರ ಬರೆಯಬೇಕಾದ ಪತ್ರವೂ ಆಗಿದೆ. ಹಾಗೆಯೇ ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಅರಿತು, ಹಳ್ಳಿಯ ನೀರನ್ನು ಪರೀಕ್ಷಿಸಿ, ಮಗುವಿಗೆ ಶುದ್ಧಜಲ ದೊರಕಿಸುವವನ ಅಳತೆಯೂ ಪ್ರೀತಿಯ ಭಾಷೆಯೇ. ಆ ಪ್ರೀತಿಯ ಮೂಲವು ದೈವವೆಂಬುದು ಭಕ್ತನ ನಂಬಿಕೆ. ಪ್ರಯೋಗಶಾಲೆ ಅದನ್ನು ಸಾಧಿಸಲಾರದು, ಸಾಧಿಸಬೇಕಾಗಿಯೂ ಇಲ್ಲ.

ಆದುದರಿಂದ ಕಟ್ಟೆಯ ಮೇಲಿನ ವಿದ್ಯಾರ್ಥಿ ಯಾವುದನ್ನೂ ಬಿಡಬೇಕಾಗಿಲ್ಲ. ರುಜುವಾತನ್ನು ಕಾವ್ಯದಿಂದಲೂ ರುಜುವನ್ನು ಸೂತ್ರದಿಂದಲೂ ಕೇಳದಿದ್ದರೆ ಸಾಕು.