ಉಕ್ಕಿನ ಕಾಡತೂಸು ಅಗ್ಗ, ಆದರೆ ಯಾರಿಗೆ?

ಕಬ್ಬಿಣದ ಕೊಳವೆಗೆ ಮದ್ದು ತುಂಬುವುದು ನಮ್ಮ ನಾಡಿಗೆ ಹೊಸದಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಪಾಳುಬಾವಿಯಲ್ಲಿ ರಾಶಿಯಾಗಿ ಸಿಕ್ಕ ಮೈಸೂರು ರಾಕೆಟ್‌ಗಳೆಲ್ಲ ಕಬ್ಬಿಣದವೇ. ಆ ಕೊಳವೆ ಒತ್ತಡ ತಾಳಿದರೆ ಸಾಕಿತ್ತು; ಉರಿಯ ಜೊತೆ ತಾನೂ ಹಾರಿಹೋಗುತ್ತಿತ್ತು. ಪಿಸ್ತೂಲಿನ ಕಾಡತೂಸಿನ ಕೊಳವೆಗೆ ಆ ಸುಖವಿಲ್ಲ. ಗುಂಡು ಸಿಡಿದ ಕ್ಷಣ ಅದು ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಂಡು ಬಿಸಿ ಅನಿಲವನ್ನು ತಡೆಯಬೇಕು, ಮರುಕ್ಷಣ ಕುಗ್ಗಿ ಸಲೀಸಾಗಿ ಹೊರಬರಬೇಕು. ಹಿತ್ತಾಳೆ ಇವೆರಡನ್ನೂ ಮಾಡುತ್ತದೆ. ಉಕ್ಕಿಗೆ ಉಬ್ಬುವುದಕ್ಕೂ ಬಿಗುಮಾನ, ಕುಗ್ಗುವುದಕ್ಕೂ ಬಿಗುಮಾನ. ಒತ್ತಡ ಕಡಿಮೆಯಿದ್ದರಂತೂ ಸಂದಿಯಲ್ಲಿ ಹೊಗೆ ಹಿಂದಕ್ಕೆ ಸೋರಿ, ಚೇಂಬರಿನೊಳಗೆ ಮಸಿ ಕಟ್ಟಿ, ಮುಂದಿನ ಕಾಡತೂಸು ಅಂಟಿಕೊಳ್ಳುತ್ತದೆ.

ಸೋವಿಯತ್ ಸೈನ್ಯ ಮಕರೋವ್ ಪಿಸ್ತೂಲಿಗೆ ಉಕ್ಕಿನ ಕಾಡತೂಸನ್ನೇ ದಶಕಗಳ ಕಾಲ ಬಳಸಲಿಲ್ಲವೇ ಎಂದು ಕೇಳಬಹುದು. ಬಳಸಿತು, ನಿಜ, ಆದರೆ ಅಲ್ಲಿ ಆಯುಧ ಮತ್ತು ಮದ್ದುಗುಂಡು ಒಂದಕ್ಕೊಂದು ಹೊಂದುವಂತೆ ತಯಾರಾದವು. ಉಕ್ಕಿನ ಮೇಲೆ ಹೊರಿಸುವ ಎಲ್ಲ ದೂರೂ ಸರಿಯಲ್ಲ ಎಂಬುದನ್ನೂ ಒಪ್ಪಬೇಕು. ನಳಿಕೆ ಬೇಗ ಸವೆಯುತ್ತದೆ ಎನ್ನುತ್ತಾರಲ್ಲ, ಆ ತಪ್ಪು ಕೊಳವೆಯದಲ್ಲ. ಇಂಥ ಅಗ್ಗದ ಕಾಡತೂಸಿನ ತುದಿಯಲ್ಲಿ ಸಾಮಾನ್ಯವಾಗಿ ಕೂರುವ, ತಾಮ್ರ ಲೇಪಿಸಿದ ಉಕ್ಕಿನ ಹೊದಿಕೆಯ ಗುಂಡಿನದು. ರೈಫಲ್‌ಗಿಂತ ವೇಗ ಕಡಿಮೆಯಿರುವ ಪಿಸ್ತೂಲಿನಲ್ಲಿ ಆ ಸವೆತವೂ ನಿಧಾನ.

ಹಾಗಾದರೆ ನಮ್ಮಲ್ಲಿ ತಕರಾರು ಏನು? ದೊಡ್ಡಗದ್ದವಳ್ಳಿಯಿಂದ ಅರಕಲಗೂಡಿನವರೆಗೆ ಲೈಸೆನ್ಸಿನ ಆಯುಧ ಎಂದರೆ ನೆನಪಾಗುವುದು ಬೆಳೆ ಕಾಯುವ ಕೋವಿ. ಕೈಬಂದೂಕು ಇದ್ದವರಿಗೂ ಮಕರೋವ್‌ನಂಥ 9 ಮಿ.ಮೀ. ನಿಷೇಧಿತ ಬೋರ್, ಸಿಗುವುದು ಕಾನ್ಪುರದ .32 ರಿವಾಲ್ವರಿನಂಥದು, ಅದರ ಕಾಡತೂಸು ಹಿತ್ತಾಳೆಯದು, ಒತ್ತಡವೂ ಕಡಿಮೆ. ರಿವಾಲ್ವರಿನಲ್ಲಿ ಆರೂ ಖಾಲಿ ಕೊಳವೆಗಳನ್ನು ಕೈಬಲದಿಂದಲೇ ಒಟ್ಟಿಗೆ ಹೊರತಳ್ಳಬೇಕು. ಒಂದು ಕಚ್ಚಿಕೊಂಡರೂ ಆರೂ ನಿಂತವು. ಎಷ್ಟು ಕಾಡತೂಸು ಇಟ್ಟುಕೊಳ್ಳಬಹುದೆಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಅಷ್ಟರಲ್ಲಿ ಉಕ್ಕಿನಿಂದ ಉಳಿಯುವ ದುಡ್ಡು ಎಷ್ಟು ಮಹಾ? ಅದಕ್ಕೂ ಮೊದಲು ಮಳೆಗಾಲ ಇದೆ: ಸಕಲೇಶಪುರದ ಥಂಡಿಯಲ್ಲಿ ತಿಂಗಳುಗಟ್ಟಲೆ ಡಬ್ಬಿಯಲ್ಲಿ ಕೂತ ಹಿತ್ತಾಳೆ ಕಪ್ಪಾಗುತ್ತದೆ ಅಷ್ಟೆ, ಮೇಲಿನ ಲೇಪ ಗೀಚಿಹೋದ ಉಕ್ಕು ತುಕ್ಕು ಹಿಡಿಯುತ್ತದೆ. ಅಮೆರಿಕದ ರೇಂಜುಗಳಲ್ಲಿ ಸಾವಿರಗಟ್ಟಲೆ ಗುಂಡು ಹಾರಿಸಿ ಅಭ್ಯಾಸ ಮಾಡುವವರ ಲೆಕ್ಕ ಬೇರೆ. ಖಾಲಿ ಕೊಳವೆಗೆ ಮತ್ತೆ ಮದ್ದು ತುಂಬುವ ಗೋಜಿಗೆ ಹೋಗದಿದ್ದರೆ ಅವರಿಗೆ ಉಕ್ಕು ಲಾಭವೇ.