ಕೊಳೆಯದ ಹಣ್ಣು, ಕೊಳೆಯುವ ಕಲೆ

ಗೋಕಾಕ ಎಂದೊಡನೆ ಜನರಿಗೆ ನೆನಪಾಗುವುದು ಕರದಂಟು, ಇಲ್ಲವೆ ಜಲಪಾತ. ಆ ಊರಿನ ಹಣ್ಣುಗಳನ್ನು ನೆನೆಯುವವರು ಕಡಿಮೆ. ಹಗುರ ಕಟ್ಟಿಗೆ ಮತ್ತು ಮಣ್ಣಿನಿಂದ ಆಕಾರ ಕೊಟ್ಟು, ಹುಣಸೆ ಬೀಜದ ಅಂಟು ಹಾಕಿ, ಬಣ್ಣ ಬಳಿದ ಮಾವು, ಬಾಳೆ, ಸೀತಾಫಲ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಗೆಜೆಟಿಯರುಗಳೂ ಗೋಕಾಕದ ಗೊಂಬೆ, ಹಣ್ಣುಗಳನ್ನು ಗುರುತಿಸಿದ್ದವು. ಇವನ್ನು ಮಾಡಿಕೊಂಡು ಬಂದವರು ಜೀನಗಾರರು. ಬಳಸುವ ಸಾಮಗ್ರಿಯೆಲ್ಲ ಕೆಡುವಂಥದ್ದೇ. ಕಟ್ಟಿಗೆಗೆ ಹುಳ ಬೀಳುತ್ತದೆ, ಮಣ್ಣು ಬಿರಿಯುತ್ತದೆ, ಅಂಟಿಗೆ ಬೂಷ್ಟು ಹಿಡಿಯುತ್ತದೆ. ಕೆಡುವ ವಸ್ತುವಿನಿಂದ ಕೆಡದ ಹಣ್ಣನ್ನು ಮಾಡುವುದೇ ಅವರ ಕಸುಬು.

ಇದಕ್ಕೆ ತೀರ ವಿರುದ್ಧವಾದ ಹಣ್ಣುಗಳು ಅಮೆರಿಕದ ಫಿಲಡೆಲ್ಫಿಯಾ ಕಲಾ ಮ್ಯೂಜಿಯಮಿನ ಸಂಗ್ರಹದಲ್ಲಿವೆ. ಏಡ್ಸ್‌ನಿಂದ ತೀರಿಕೊಂಡ ಗೆಳೆಯನ ನೆನಪಿನಲ್ಲಿ ಝೋಯಿ ಲೆನರ್ಡ್ ಎಂಬ ಕಲಾವಿದೆ 1992ರಿಂದ 1997ರವರೆಗೆ ಕಿತ್ತಳೆ, ಬಾಳೆ, ನಿಂಬೆಯ ಸಿಪ್ಪೆಗಳನ್ನು ಸೂಜಿದಾರದಿಂದ ಹೊಲಿದರು. ಸಿಪ್ಪೆಗಳು ಕೆಡದಂತೆ ಕಾಪಾಡುವ ಉಪಾಯ ಸಿಕ್ಕಿದಾಗಲೂ ಆಕೆ ಬೇಡವೆಂದರು. ಅವು ಒಣಗಿ, ಸುಕ್ಕಾಗಿ, ಪುಡಿಯಾಗುವುದೇ ಕೃತಿ. ಇಲ್ಲಿ ಕೊಳೆಯುವುದಕ್ಕೊಂದು ಕಾರಣವಿದೆ, ಹೆಸರಿರುವ ಒಬ್ಬ ಸತ್ತ ಮನುಷ್ಯನಿದ್ದಾನೆ. ಅದಿಲ್ಲದೆ ಒಣಗಿದೆಲೆ, ತುಕ್ಕು ಹಿಡಿದ ತಗಡು, ಹಿಡಿಮಣ್ಣನ್ನು ಗ್ಯಾಲರಿಯಲ್ಲಿ ಸುರಿದು 'ನಶ್ವರತೆ' ಎಂದು ಚೀಟಿ ಅಂಟಿಸಿದರೆ ಅದು ಬರೀ ಅಲಂಕಾರ. ಅಂಥ ಪ್ರದರ್ಶನಗಳು ನಮ್ಮಲ್ಲೂ ಸಾಕಷ್ಟಾಗಿವೆ.

ಕನ್ನಡನಾಡಿನಲ್ಲಿ ಕಾರಣವಿದ್ದು ಈ ದಾರಿ ಹಿಡಿದವರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನುಗಳಲ್ಲಿ ಕಲಿತು, ತೈಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದವರು. 1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಉರುಳಿತು. ಬೊಂಬಾಯಿ ಹೊತ್ತಿ ಉರಿಯಿತು. ಆ ಹಿಂಸೆಯ ಎದುರು ಬಣ್ಣ ಸಾಲದೆನಿಸಿ ಅವರು ಸೆಗಣಿಯನ್ನು ಕೈಗೆತ್ತಿಕೊಂಡರು. ಗೋವಿನ ಹೆಸರಿನಲ್ಲಿ ಬೀದಿಯಲ್ಲಿ ಕೂಗಾಟ ನಡೆದಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಭಾವುಟದ ಮೇಲಿನ ಗೋವನ್ನು ಬಿಟ್ಟು, ಹೆಣ್ಣುಮಕ್ಕಳು ಬೆಳಗಾಗೆದ್ದು ಬಾಚಿ, ತಟ್ಟಿ, ಒಣಗಿಸಿ, ಒಲೆಗೆ ಹಾಕುವ ವಸ್ತುವನ್ನು ಅವರು ಆರಿಸಿಕೊಂಡರು. ಕುಳ್ಳಿಗೆ ಜಾತಿಮತವಿಲ್ಲ, ನಮ್ಮ ಹಳ್ಳಿಗಳ ಮುಸ್ಲಿಮರ ಹಿತ್ತಿಲಿನಲ್ಲೂ ಅದನ್ನು ತಟ್ಟುತ್ತಾರೆ. 1998ರಲ್ಲಿ ಅವರು ಸೂಜಿಗಳಲ್ಲಿ ಪೋಣಿಸಿದ ದಾರದ ಎಳೆಗಳನ್ನು ಕುಂಕುಮ, ಅಂಟಿನಿಂದ ಕೂಡಿಸಿ ಹಗ್ಗ ಮಾಡಿದರು. ತುದಿಯಲ್ಲಿ ಸೂಜಿಗಳ ಗೊಂಚಲು. ನೆಲದ ಮೇಲೆ ಬಿದ್ದ ಆ ಕೆಂಪು ಹಗ್ಗ ಮಂಗಳದ್ದೋ ಕರುಳಿನದೋ ತಿಳಿಯದು. ನನ್ನ ಮಟ್ಟಿಗೆ, ಆ ಕಾಲದ ಎಷ್ಟೋ ಘೋಷಣೆಗಳಿಗಿಂತ ಈ ಹಗ್ಗ ಹೆಚ್ಚು ಹೇಳುತ್ತದೆ.

ಇದು ಗ್ಯಾಲರಿಗಳು ಕಂಡುಹಿಡಿದ ವಿದ್ಯೆ ಎಂದುಕೊಳ್ಳಬೇಕಾಗಿಲ್ಲ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳು ಕಲ್ಲು ಗಾರೆಯ ಬಲದಿಂದ ನಿಂತಿವೆ. ಅದೇ ಸೀಮೆಯಲ್ಲಿ, ಇತ್ತ ಗೋಕಾಕ, ಮೂಡಲಗಿಯ ಕಡೆಯೂ, ಮೊಹರಮ್ಮಿನ ಡೋಲಿಯನ್ನು ಬಿದಿರಿನ ಸೀಳು, ಬಣ್ಣದ ಕಾಗದ, ಅಂಟುಗಳಿಂದ ಕಟ್ಟುತ್ತಾರೆ. ಅದು ಹತ್ತನೆಯ ದಿನ ಹೊಳೆಗೆ ಹೋಗುತ್ತದೆ. ಕಟ್ಟುವವರಿಗೆ ಅದು ಉಳಿಯಬೇಕೆಂಬ ಆಸೆಯಿಲ್ಲ. (ಡೋಲಿ ಧರ್ಮಸಮ್ಮತವೇ ಎಂಬ ಚರ್ಚೆ ಬೇರೆ, ಕೈಕೆಲಸದ ಮಾತು ಬೇರೆ.) ಲೆನರ್ಡ್ ಮ್ಯೂಜಿಯಮ್ಮಿನೊಂದಿಗೆ ವಾದಿಸಿ ಪಡೆದದ್ದು ಇಲ್ಲಿ ವರ್ಷವರ್ಷದ ವಾಡಿಕೆ.

ನಮ್ಮ ಕಲಾವಿಮರ್ಶೆಗೆ ಇದು ಕಾಣದಿರಲು ಕಾರಣ ಒಂದು ಶಬ್ದ: 'ಕರಕುಶಲ'. ಸೆಗಣಿ ಗ್ಯಾಲರಿಗೆ ಬಂದರೆ ಕಲೆ, ಹುಣಸೆ ಅಂಟು ಗೋಕಾಕದಲ್ಲೇ ಉಳಿದರೆ ಕರಕುಶಲ. ಲೆನರ್ಡ್ ಅವರ ಸಿಪ್ಪೆ ಪುಡಿಯಾಗುವುದನ್ನು ತಜ್ಞರು ಕೂತು ದಾಖಲಿಸುತ್ತಾರೆ. ಇತ್ತ ಗೊಂಬೆ ಮಾಡುವ ಮನೆಗಳು ಒಂದೊಂದಾಗಿ ಕಡಿಮೆಯಾಗುತ್ತ ಬಂದಿವೆ, ಅದಕ್ಕೆ ದಾಖಲೆಯಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕ ಪಟ್ಟಣದೊಳಗೆ ನುಗ್ಗಿದಳು. ಕಟ್ಟಿಗೆ, ಮಣ್ಣು, ಹುಣಸೆ ಅಂಟು ಯಾವುದೂ ನೀರಿಗೆ ತಾಳುವುದಿಲ್ಲ. ಈಗಲಾದರೂ ನಮ್ಮ ಅಕಾಡೆಮಿಗಳು ಗೋಕಾಕದ ಹಣ್ಣೊಂದನ್ನು ಗಾಜಿನೊಳಗಿಡುವಾಗ ಊರಿನ ಹೆಸರಿನ ಜೊತೆಗೆ ಅದನ್ನು ಮಾಡಿದವರ ಹೆಸರನ್ನೂ ಬರೆಯಲಿ.